28 ವರ್ಷ ಹೊತ್ತ ಬಸಿರು

1582ರಲ್ಲಿ ಫ್ರಾನ್ಸಿನ ಸಾನ್ಸ್ ಪಟ್ಟಣದಲ್ಲಿ ಕೊಲೊಂಬ್ ಶಾತ್ರಿ ಎಂಬ 68 ವರ್ಷದ ಹೆಂಗಸು ತೀರಿಕೊಂಡಳು. ದರ್ಜಿಯಾಗಿದ್ದ ಆಕೆಯ ಗಂಡ ಇಬ್ಬರು ಶಸ್ತ್ರವೈದ್ಯರನ್ನು ಕರೆಸಿ, ಹೆಂಡತಿಯ ಹೊಟ್ಟೆ ಕೊಯ್ದು ನೋಡಿ ಎಂದ. ಚರ್ಮ, ಸ್ನಾಯು ದಾಟಿ ಒಳಗೆ ಹೋದವರ ಕೈಗೆ ತಗುಲಿದ್ದು ಸುಣ್ಣಗಟ್ಟಿದ ಒಂದು ಗಟ್ಟಿ ಚಿಪ್ಪು. ಅದನ್ನು ಒಡೆದರು. ಒಳಗೊಂದು ಮಗು! ಕೈಕಾಲು ಮುದುಡಿಕೊಂಡು, ತಲೆ ಬಾಗಿಸಿ, ದಿನ ತುಂಬಿದ ಕೂಸು ತಾಯಿಯ ಹೊಟ್ಟೆಯಲ್ಲಿ ಹೇಗಿರುತ್ತದೋ ಹಾಗೆಯೇ ಇತ್ತು. ಮುಟ್ಟಿದರೆ ಕಲ್ಲು.

28 ವರ್ಷದ ಹಿಂದೆ, ತನ್ನ 40ನೇ ವಯಸ್ಸಿನಲ್ಲಿ, ಕೊಲೊಂಬ್ ಬಸಿರಾಗಿದ್ದಳು. ಮುಟ್ಟು ನಿಂತಿತ್ತು, ಹೊಟ್ಟೆ ಬೆಳೆದಿತ್ತು, ಮಗು ಒದೆಯುತ್ತಿತ್ತು. ತಿಂಗಳು ತುಂಬಿದಾಗ ನೀರು ಹೋಯಿತು, ಹೆರಿಗೆ ನೋವು ಶುರುವಾಯಿತು. ಮಗು ಮಾತ್ರ ಬರಲಿಲ್ಲ. ನೋವು ನಿಂತಿತು, ಒದೆತವೂ ನಿಂತಿತು. ಆಮೇಲೆ ಮೂರು ವರ್ಷ ಆಕೆ ಹಾಸಿಗೆ ಹಿಡಿದಳು. ಎದ್ದ ಮೇಲೂ ಸಾಯುವ ತನಕ ಹೊಟ್ಟೆಯಲ್ಲಿ ಆ ಗಟ್ಟಿ ಗಂಟು, ಆ ನೋವು, ಆ ಭಾರ ಉಳಿದೇ ಇದ್ದವು.

ಆ ಊರಿನ ವೈದ್ಯ ಜಾನ್ ದಾಯೆಬೂ ಅದೇ ವರ್ಷ ಇದರ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಹೊತ್ತಗೆ ಬರೆದರು. ಯೂರೋಪಿನ ಪಂಡಿತರು ಅದನ್ನು ಮುಗಿಬಿದ್ದು ಓದಿದರು. ಕಲ್ಲುಕೂಸು ಕೈಯಿಂದ ಕೈಗೆ ಮಾರಾಟವಾಯಿತು: ಪ್ಯಾರಿಸ್ಸಿನ ವರ್ತಕ, ಅಕ್ಕಸಾಲಿಗ, ವೆನಿಸ್ಸಿನ ರತ್ನವ್ಯಾಪಾರಿ, ಕೊನೆಗೆ 1653ರಲ್ಲಿ ಡೆನ್ಮಾರ್ಕಿನ ದೊರೆ ಮೂರನೇ ಫ್ರೆಡರಿಕ್. ಕೋಪನ್‌ಹೇಗನ್ನಿನ ರಾಜಸಂಗ್ರಹದಲ್ಲಿ ಅದನ್ನು ನೋಡಲು ಜನ ಬರುತ್ತಿದ್ದರು. 19ನೇ ಶತಮಾನದಲ್ಲಿ ವಸ್ತುಸಂಗ್ರಹಾಲಯಗಳ ಸ್ಥಳಾಂತರದ ಗಡಿಬಿಡಿಯಲ್ಲಿ ಅದು ಎಲ್ಲೋ ಕಳೆದುಹೋಯಿತು. ಇಷ್ಟು ಜನ ಆ ಕಲ್ಲನ್ನು ಕಣ್ಣರಳಿಸಿ ನೋಡಿದರಲ್ಲ, ಅದನ್ನು ಹೊತ್ತು ಬದುಕಿದವಳ ಮೈಯಲ್ಲಿ ನಡೆದದ್ದು ಅದಕ್ಕಿಂತ ಎಷ್ಟು ದೊಡ್ಡ ಅದ್ಭುತ! ನನ್ನನ್ನು ಬೆರಗುಗೊಳಿಸುವುದು ಆ ಮೈ.

ಆ ಮಗು ಗರ್ಭಕೋಶದೊಳಗೆ ಇರಲೇ ಇಲ್ಲ. ಇದು ಹೇಗೆ ಸಾಧ್ಯ ಎನ್ನುವುದಕ್ಕೆ ಉತ್ತರ ಪ್ರತಿ ಹೆಣ್ಣಿನ ದೇಹದಲ್ಲೂ ಇದೆ. ಅಂಡಾಶಯಕ್ಕೂ ಅಂಡನಾಳಕ್ಕೂ ನೇರ ಜೋಡಣೆಯಿಲ್ಲ! ನಡುವೆ ಒಂದು ಸಣ್ಣ ಬಯಲು. ನಾಳದ ತುದಿಯಲ್ಲಿ ಸೀರೆ ಸೆರಗಿನ ಕುಚ್ಚಿನಂಥ ಎಳೆಗಳಿವೆ. ಅಂಡ ಹೊರಬಿದ್ದ ಹೊತ್ತಿಗೆ ಅವು ಅಂಡಾಶಯದ ಮೇಲೆ ಆಡುತ್ತಾ ಅದನ್ನು ಎತ್ತಿಕೊಳ್ಳುತ್ತವೆ. ಎಡಗಡೆಯ ಅಂಡಾಶಯದಿಂದ ಹೊರಟ ಅಂಡವನ್ನು ಬಲಗಡೆಯ ನಾಳ ಎತ್ತಿಕೊಂಡದ್ದೂ ಉಂಟು. ನಮ್ಮಲ್ಲಿ ಬಹುತೇಕರು ಬದುಕಿನ ಮೊಟ್ಟಮೊದಲಿಗೆ ಆ ಬಯಲನ್ನು ದಾಟಿ ಬಂದವರೇ.

ಸುಮಾರು ನೂರು ಬಸಿರಿನಲ್ಲಿ ಒಂದೆರಡು ದಾರಿ ತಪ್ಪುತ್ತವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಳದಲ್ಲೇ ಸಿಕ್ಕಿಕೊಳ್ಳುತ್ತವೆ. ನಾಳ ಹಿಗ್ಗುವುದಿಲ್ಲ, ಒಡೆಯುತ್ತದೆ. ಆದರೆ ತೀರಾ ಅಪರೂಪಕ್ಕೆ, ಸುಮಾರು ಹತ್ತು ಸಾವಿರ ಹೆರಿಗೆಗೆ ಒಂದರಂತೆ, ಭ್ರೂಣ ಕಿಬ್ಬೊಟ್ಟೆಯ ಪೊಳ್ಳಿಗೆ ಜಾರಿ ಅಲ್ಲೇ ಬೇರೂರುತ್ತದೆ. ಕರುಳಿನ ಮೇಲೆ, ಕರುಳನ್ನು ಮುಚ್ಚಿದ ಕೊಬ್ಬಿನ ಪರದೆಯ ಮೇಲೆ, ಯಕೃತ್ತಿನ ಮೇಲೆ! ಮಾಸು ಸಿಕ್ಕಿದ ಕಡೆ ರಕ್ತನಾಳಗಳನ್ನು ಹುಡುಕಿಕೊಂಡು ಕಚ್ಚಿಕೊಳ್ಳುತ್ತದೆ. ಅದು ಸುರಿಸುವ ಹಾರ್ಮೋನು ಎಂದಿನಂತೆಯೇ ತಾಯಿಯ ಮೈಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಖಾಲಿ ಗರ್ಭಕೋಶವೂ ಒಂದಿಷ್ಟು ಬೆಳೆಯುತ್ತದೆ, ಮೊಲೆಯಲ್ಲಿ ಹಾಲಿನ ತಯಾರಿ ನಡೆಯುತ್ತದೆ. ದಿನ ತುಂಬಿದಾಗ ಒಳಗೆ ಮಗುವೇ ಇಲ್ಲದ ಗರ್ಭಕೋಶ ಹೆರಿಗೆ ನೋವಿನಿಂದ ಹಿಂಡುವುದೂ ಉಂಟು.

ಹಾಗಾದರೆ ಗರ್ಭಕೋಶ ಬೇಕಾದರೂ ಏಕೆ? 1960ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಕರ್ಬಿ ಇಲಿಯ ಪುಟ್ಟ ಭ್ರೂಣಗಳನ್ನು ತೆಗೆದು ಇಲಿಯ ಮೂತ್ರಪಿಂಡದ ಹೊದಿಕೆಯಡಿ ಇಟ್ಟು ನೋಡಿದರು. ಮಾಸಿನ ಜೀವಕೋಶಗಳು ಅಲ್ಲಿ ಹುಚ್ಚೆದ್ದು ಬೆಳೆದವು. ಗಂಡು ಇಲಿಯ ಮೈಯಲ್ಲೂ ಬೆಳೆದವು! ಬಸಿರಿನ ಹಾರ್ಮೋನು ಇರಲಿ ಬಿಡಲಿ, ಅವು ಕಾಯಲಿಲ್ಲ. ಆದರೆ ಗರ್ಭಕೋಶ ಮಾತ್ರ ತಿಂಗಳ ಕೆಲವೇ ದಿನ ಬಾಗಿಲು ತೆರೆಯುತ್ತದೆ. ಉಳಿದ ದಿನ ಭ್ರೂಣವನ್ನು ಹತ್ತಿರ ಸೇರಿಸುವುದಿಲ್ಲ. ಒಳಗೆ ಬಿಟ್ಟುಕೊಂಡ ಮೇಲೂ ಅದರ ಒಳಪದರ ಮಾಸಿಗೆ ಇಲ್ಲಿಯವರೆಗೆ ಬಾ, ಇದಕ್ಕಿಂತ ಆಳಕ್ಕೆ ಬೇಡ ಎಂದು ಗಡಿ ಹಾಕುತ್ತದೆ. ಗರ್ಭಕೋಶವೆಂದರೆ ಮೆತ್ತನೆಯ ಹಾಸಿಗೆ ಎಂದೇ ನಾವೆಲ್ಲ ತಿಳಿದಿದ್ದೇವೆ. ತಾಯಿಯ ಜೀವ ಉಳಿಸುವ ಕಾವಲೂ ಅದೇ! ಆ ಕಾವಲಿಲ್ಲದ ಕಡೆ ಮಾಸು ಕಚ್ಚಿದರೆ ಬಿಡಿಸುವುದು ಪ್ರಾಣಸಂಕಟ. ಕರುಳಿಗೋ ಯಕೃತ್ತಿಗೋ ಅಂಟಿದ ಮಾಸನ್ನು ಎಳೆದರೆ ರಕ್ತ ಧಾರೆಯಾಗಿ ಹರಿಯುತ್ತದೆ. ಗರ್ಭಕೋಶ ಹೆರಿಗೆಯ ನಂತರ ಬಿಗಿದುಕೊಂಡು ರಕ್ತ ನಿಲ್ಲಿಸುವಂತೆ ಕರುಳು ಬಿಗಿದುಕೊಳ್ಳಲಾರದು. ಅದಕ್ಕೇ ಎಷ್ಟೋ ಸಲ ಶಸ್ತ್ರವೈದ್ಯರು ಮಗುವನ್ನು ತೆಗೆದು, ಹೊಕ್ಕುಳಬಳ್ಳಿಯನ್ನು ಬುಡಕ್ಕೆ ಕಟ್ಟಿ ಕತ್ತರಿಸಿ, ಮಾಸನ್ನು ಅಲ್ಲೇ ಬಿಟ್ಟು ಹೊಟ್ಟೆ ಹೊಲಿಯುತ್ತಾರೆ. ಅದು ತಿಂಗಳುಗಟ್ಟಲೆ ಕಾಲದಲ್ಲಿ ತಾನಾಗಿ ಕರಗಬೇಕು.

ಇಂಥ ಜಾಗದಲ್ಲಿ ಮಗು ಸತ್ತರೆ? ಮೊದಲ ಮೂರು ತಿಂಗಳೊಳಗಾದರೆ ದೇಹ ಅದನ್ನು ಕರಗಿಸಿಕೊಂಡುಬಿಡುತ್ತದೆ. ದೊಡ್ಡದಾದರೆ ಕರಗಿಸಲಾಗದು, ಹೊರಹಾಕಲು ದಾರಿಯಿಲ್ಲ. ಸೋಂಕು ತಗುಲಿದರೆ ಕೀವಾಗುತ್ತದೆ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ಕಾರ್ಡೊಬಾದ ಮಹಾವೈದ್ಯ ಅಲ್-ಜಹ್ರಾವಿ, ಹೊಟ್ಟೆಯ ಕುರುವಿನಿಂದ ಮಗುವಿನ ಮೂಳೆಗಳು ಒಂದೊಂದಾಗಿ ಹೊರಬಂದ ಹೆಂಗಸನ್ನು ಕಂಡು ಬರೆದಿಟ್ಟಿದ್ದಾರೆ. ಸೋಂಕು ತಗುಲದಿದ್ದರೆ, ಜೀವ ಹೋದ ಅಂಗಾಂಶದ ಮೇಲೆ ಕ್ಯಾಲ್ಸಿಯಂ ಕಣಕಣವಾಗಿ ಕೂರುತ್ತದೆ. ಹಳೆಯ ಕ್ಷಯದ ಗಂಟು ಸುಣ್ಣಗಟ್ಟುವುದೂ, ಮೈಯೊಳಗೆ ಸತ್ತ ಲಾಡಿಹುಳುವಿನ ಮರಿ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುವುದೂ ಇದೇ ಕೆಲಸದಿಂದ. 1881ರಲ್ಲಿ ಜರ್ಮನ್ ವೈದ್ಯ ಕ್ಯೂಖನ್‌ಮೈಸ್ಟರ್ ಹಳೆಯ ಪ್ರಕರಣಗಳನ್ನೆಲ್ಲ ಕಲೆಹಾಕಿ, ಕೆಲವದರಲ್ಲಿ ಸುತ್ತಲಿನ ಪೊರೆ ಮಾತ್ರ, ಕೆಲವದರಲ್ಲಿ ಮಗು ಮಾತ್ರ, ಕೆಲವದರಲ್ಲಿ ಎರಡೂ ಕಲ್ಲಾಗುತ್ತವೆ ಎಂದು ವಿಂಗಡಿಸಿದರು.

ಜರ್ಮನಿಯ ಲೈನ್ಸೆಲ್ ಊರಿನ ಒಬ್ಬಳು 46 ವರ್ಷ ಹೀಗೆ ಹೊತ್ತು, 94ನೇ ವಯಸ್ಸಿನಲ್ಲಿ ತೀರಿಕೊಂಡಳು. ಆ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ವೈದ್ಯಕೀಯ ದಾಖಲೆಗಳಲ್ಲಿ ಇಂಥವು ಒಟ್ಟು ಸುಮಾರು 300 ಮಾತ್ರ. ಇದು ಹಳೆಯ ಕಾಲಕ್ಕೇ ಮುಗಿದ ಕಥೆಯೂ ಅಲ್ಲ. 2014ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ನಾಗಪುರದಲ್ಲಿ 60ರ ಆಸುಪಾಸಿನ ಒಬ್ಬ ತಾಯಿ ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದಾಗ, 36 ವರ್ಷದ ಹಿಂದಿನ ಬಸಿರಿನ ಎಲುಬುಗಳು ಸುಣ್ಣಗಟ್ಟಿದ ಚೀಲದಲ್ಲಿ ಸಿಕ್ಕವು. 1978ರಲ್ಲಿ ಆಪರೇಷನ್ ಎಂದರೆ ಹೆದರಿ ಊರಿಗೆ ಮರಳಿದ್ದ ಹೆಣ್ಣುಮಗಳು ಆಕೆ. ಆ ಹೆದರಿಕೆಯನ್ನು ಯಾರೂ ಹಗುರವಾಗಿ ಕಾಣಬಾರದು.

ಇನ್ನೊಂದು ತುದಿಯೂ ಇದೆ. 1999ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹುಟ್ಟಿದ ತ್ರಿವಳಿಗಳಲ್ಲಿ ಇಬ್ಬರು ಹೆಣ್ಣುಮಕ್ಕಳು ಗರ್ಭಕೋಶದೊಳಗಿದ್ದರು. ತಮ್ಮ ಮಾತ್ರ ಹೊರಗೆ, ತಾಯಿಯ ಹೊಟ್ಟೆಯ ಪೊಳ್ಳಿನಲ್ಲಿ ಬೆಳೆದಿದ್ದ. ಮೂವರೂ ಬದುಕಿದರು! 2008ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರದಲ್ಲಿ ಅಂಡಾಶಯದಲ್ಲೇ ಬೆಳೆದ ಹೆಣ್ಣುಕೂಸು ದಿನ ತುಂಬಿ ಹುಟ್ಟಿತು. ಹೊಟ್ಟೆ ಕೊಯ್ಯುವ ತನಕ ಯಾರಿಗೂ ಅದರ ಸುಳಿವಿರಲಿಲ್ಲ.

ಈಗ ಕಲ್ಲುಕೂಸು ತೀರಾ ವಿರಳವಾಗಿದ್ದರೆ ಅದಕ್ಕೆ ದೊಡ್ಡ ಕಾರಣ 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಪ್ರಕಟಿಸಿದ ಅಲ್ಟ್ರಾಸೌಂಡ್ ಚಿತ್ರಗಳು. ಇವತ್ತು ಮೊದಲ ಸ್ಕ್ಯಾನಿನಲ್ಲಿ ವೈದ್ಯರು ಮಗುವಿನ ಎದೆಬಡಿತದ ಜೊತೆಗೆ ಅದು ಎಲ್ಲಿ ಕೂತಿದೆ ಎಂಬುದನ್ನೂ ನೋಡುತ್ತಾರೆ. ಅದಕ್ಕೂ ಮೊದಲೇ ದೇಹ ಒಂದು ವಿಚಿತ್ರ ಸೂಚನೆ ಕೊಡಬಹುದು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸೋರಿ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ತಾಗಿದರೆ ನೋವು ಕಾಣಿಸಿಕೊಳ್ಳುವುದು ಹೆಗಲ ತುದಿಯಲ್ಲಿ! ವಪೆಗೂ ಹೆಗಲಿಗೂ ಕತ್ತಿನ ಒಂದೇ ಭಾಗದಿಂದ ನರಗಳು ಬರುವುದರಿಂದ ಮಿದುಳು ಜಾಗ ತಪ್ಪಿ ಓದಿಕೊಳ್ಳುತ್ತದೆ. ಮುಟ್ಟು ತಪ್ಪಿದವಳಿಗೆ ಕಿಬ್ಬೊಟ್ಟೆಯ ಒಂದು ಬದಿ ನೋವು, ತಲೆಸುತ್ತು, ಜೊತೆಗೆ ಹೆಗಲುನೋವು ಬಂದರೆ, ಮುಲಾಮು ಹಚ್ಚಿ ಮಲಗಿಸದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಬೇಕು.