ಮುಧೋಳದ ನಾಯಿಯ ರೋಗಗಳೂ ಅವುಗಳ ನಿವಾರಣೋಪಾಯಗಳೂ

ಮುಧೋಳದ ನಾಯಿಯು ನಮ್ಮ ನಾಡಿನ ಬೇಟೆನಾಯಿಗಳಲ್ಲಿ ಹೆಸರಾದ ತಳಿ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇದರ ಸಾಕಣೆಗೆ ವಿಶೇಷ ಪ್ರೋತ್ಸಾಹ ಕೊಟ್ಟರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ತೋಟ ಮತ್ತು ಕುರಿದೊಡ್ಡಿಗಳ ಕಾವಲಿಗೆ ಈ ನಾಯಿಯನ್ನು ತರಿಸುವ ಜಮೀನುದಾರರು ಕೆಳಗಿನ ಸಂಗತಿಗಳನ್ನು ಗಮನಿಸತಕ್ಕದ್ದು. ಮೊಲ, ಕಾಡುಹಂದಿಗಳ ಮೇಲೆ ಇದನ್ನು ಬೇಟೆಗೆ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂಬುದನ್ನೂ ಮರೆಯಕೂಡದು.

1. ಮೈಕಟ್ಟು. ಈ ತಳಿಯು ಹುಟ್ಟಿನಿಂದಲೇ ತೆಳ್ಳಗಿನದು. ಪಕ್ಕೆಲುಬು ಅಲ್ಪಸ್ವಲ್ಪ ಕಾಣುವುದು ರೋಗವಲ್ಲ; ಅದನ್ನು ಕೊಬ್ಬಿಸಲು ಹೋಗಬಾರದು. ಆದರೆ ಮೈಯಲ್ಲಿ ಕೊಬ್ಬು ಕಡಿಮೆಯಾದುದರಿಂದ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳ ಮಂಪರು ಬೇಗ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ನಾಯಿಯ ತಳಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.

2. ಉಣ್ಣೆ ಜ್ವರ. ಉಣ್ಣೆ ಅಥವಾ ಉಣುಗು ರಕ್ತ ಹೀರುವಾಗ ರೋಗಾಣುಗಳನ್ನು ನಾಯಿಯ ಮೈಗೆ ಸೇರಿಸುತ್ತದೆ. ಜ್ವರ, ಮೇವು ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಮೂತ್ರ ಕಪ್ಪಾಗುವುದು ಇದರ ಚಿಹ್ನೆಗಳು. ರೋಗಾಣುಗಳು ಒಂದೇ ಬಗೆಯವಲ್ಲ, ಅವುಗಳ ಮದ್ದೂ ಒಂದೇ ಅಲ್ಲ. ಆದುದರಿಂದ ರಕ್ತಪರೀಕ್ಷೆ ಮಾಡಿಸದೆ ಅಂಗಡಿಯ ಮದ್ದು ಕೊಡುವುದು ವ್ಯರ್ಥ. ಎರಡು ದಿನದಲ್ಲಿ ನಾಯಿ ಚೇತರಿಸಿಕೊಂಡಿತೆಂದು ಚಿಕಿತ್ಸೆಯನ್ನು ನಡುವೆ ನಿಲ್ಲಿಸಲೂ ಕೂಡದು.

ರಕ್ತ ಹೀರಿದ ಹೆಣ್ಣು ಉಣ್ಣೆಯು ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ನಾಯಿಗೆ ಮಾತ್ರ ಮದ್ದು ಹಚ್ಚಿ, ಅದು ಮಲಗುವ ಸ್ಥಳವನ್ನು ಬಿಟ್ಟರೆ ಪ್ರಯೋಜನವಿಲ್ಲ. ಬಿರುಕುಗಳನ್ನು ಮುಚ್ಚಿಸಿ, ಹಾಸಿದ ಹಳೆಯ ಚೀಲಗಳನ್ನು ಸುಡಿಸಬೇಕು.

ಇಲ್ಲಿ ರೇಷ್ಮೆ ಬೆಳೆಗಾರರಿಗೆ ಒಂದು ಎಚ್ಚರಿಕೆ. ಉಣ್ಣೆಗೆಂದು ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮೊದಲಾದ ಮದ್ದುಗಳು ರೇಷ್ಮೆಹುಳುವಿಗೂ ಮೃತ್ಯುವೇ. ಹುಳುಮನೆಯ ಸಮೀಪದಲ್ಲಾಗಲಿ ಹಿಪ್ಪುನೇರಳೆ ತೋಟದ ಅಂಚಿನಲ್ಲಾಗಲಿ ಇವನ್ನು ಸಿಂಪಡಿಸಕೂಡದು. ನಾಯಿಗೆ ಮದ್ದು ಹಚ್ಚಿದ ಕೈಯಿಂದ ಸೊಪ್ಪು ಮುಟ್ಟಬಾರದು. ನಾಯಿಯ ಗೂಡು ಹುಳುಮನೆಗೆ ದೂರವಾಗಿರುವುದೇ ಕ್ಷೇಮ. ಒಂದು ನಾಯಿಯನ್ನು ಉಳಿಸಲು ಹೋಗಿ ಇಡೀ ಬೆಳೆಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

3. ದ್ರಾಕ್ಷಿ. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ತೋಟ ಕಾಯುವ ನಾಯಿಯು ಉದುರಿದ ಹಣ್ಣನ್ನು ತಿನ್ನದಂತೆ ನೋಡಿಕೊಳ್ಳಬೇಕು. ತಿಂದುದು ಕಂಡರೆ ವಾಂತಿಯಾಗುವವರೆಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

4. ಮರಿಗಳು. ಮರಿಗಳಿಗೆ ಎರಡು ವಾರದಿಂದಲೇ ಜಂತುಹುಳುವಿನ ಮದ್ದು ಬೇಕು. ರಕ್ತಭೇದಿ ತರುವ ಪಾರ್ವೋ ರೋಗಕ್ಕೆ 6ರಿಂದ 8 ವಾರಗಳಲ್ಲಿ ಚುಚ್ಚುಮದ್ದನ್ನು ಆರಂಭಿಸಿ, ವೈದ್ಯರು ಹೇಳಿದಂತೆ ಪುನಃ ಪುನಃ ಹಾಕಿಸಬೇಕು.

5. ಹುಚ್ಚುನಾಯಿ ರೋಗ. ಇದು ನಾಯಿಯೊಂದಿಗೆ ಮನೆಮಂದಿಯ ಪ್ರಾಣಕ್ಕೂ ಬಂದ ವಿಪತ್ತು. ಚಿಹ್ನೆಗಳು ತೋರಿದ ಮೇಲೆ ಬದುಕುವುದು ಅತ್ಯಂತ ಅಪರೂಪ. ಮೂರು ತಿಂಗಳ ಮರಿಗೆ ಚುಚ್ಚುಮದ್ದು ಹಾಕಿಸಿ, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸತಕ್ಕದ್ದು. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆದು, ಅಂದೇ ಆಸ್ಪತ್ರೆಗೆ ಕಳುಹಿಸಬೇಕು. ಸುಣ್ಣ, ಮೆಣಸಿನಪುಡಿ ಹಚ್ಚಿ ಕಾಲಹರಣ ಮಾಡಬಾರದು.

ತಳಿಯ ವಿಚಾರವಾಗಿ ಹೆಚ್ಚು ತಿಳಿಯಬಯಸುವವರಿಗೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಗ್ರಾಮದ ಮುಖಂಡರು ತಮ್ಮ ನಾಯಿಗೆ ಮೊದಲು ಚುಚ್ಚುಮದ್ದು ಹಾಕಿಸಿ, ಊರಿನ ಉಳಿದ ನಾಯಿಗಳಿಗೂ ಅದೇ ದಿನ ಹಾಕಿಸುವ ಏರ್ಪಾಡು ಮಾಡಿದರೆ ಗ್ರಾಮಕ್ಕೆ ಮಹೋಪಕಾರವಾಗುವುದು.