ಡಬ್ಬಿಯಲ್ಲೊಂದು ಹುಳುವಿನ ಸಂಸಾರ

ಹುಳುವೆಂದರೆ ಮೂಗು ಮುರಿಯುವವರೇ ಹೆಚ್ಚು. ಆದರೆ ಪಂಜರದ ಫಿಂಚ್ ಹಕ್ಕಿಗೆ ಅದೇ ಮೃಷ್ಟಾನ್ನ. ನವಣೆ ತಿಂದುಕೊಂಡಿರುವ ಹಲವು ಜಾತಿಯ ಫಿಂಚ್‌ಗಳು ಗೂಡಿನಲ್ಲಿ ಮರಿಗಳಾದೊಡನೆ ಹುಳು ಹುಡುಕುತ್ತವೆ. ಬೆಳೆಯುವ ಮರಿಗೆ ಪ್ರೋಟೀನ್ ಬೇಕಲ್ಲ! ಆಗ ಒದಗುವುದೇ ಮೀಲ್‌ವರ್ಮ್.

ಹೆಸರಿನಲ್ಲಿ ‘ವರ್ಮ್’ ಇದ್ದರೂ ಇದು ಎರೆಹುಳುವಿನ ನೆಂಟನಲ್ಲ. ಟೆನೆಬ್ರಿಯೊ ಮಾಲಿಟರ್ ಎಂಬ ಕಪ್ಪು ದುಂಬಿಯ ಮರಿ. ಸಾಕುವುದಕ್ಕೆ ದೊಡ್ಡ ಖರ್ಚಿಲ್ಲ. ಒಳಮೈ ನುಣುಪಾದ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಸಾಕು. ಮರಿಹುಳು ಅದರ ಗೋಡೆ ಹತ್ತಲಾರದು. ತಳದಲ್ಲಿ ಸುಮಾರು 5 ಸೆಂ.ಮೀ. ಗೋಧಿ ಬೂಸಾ ಹರಡಿ, ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಬೇಕು. ಬೂಸಾವನ್ನು ಮೊದಲೇ ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿಕೊಂಡರೆ ಬೇರೆ ಕೀಟಗಳ ಕಾಟ ತಪ್ಪುತ್ತದೆ.

ನೀರು ಮಾತ್ರ ಹಾಕಲೇಬಾರದು. ಹೊಸಬರು ಸೋಲುವುದು ಇಲ್ಲಿಯೇ. ಬೂಸಾ ಒದ್ದೆಯಾದರೆ ಬೂಷ್ಟು ಹಿಡಿದು ಇಡೀ ಸಂಸಾರವೇ ಹಾಳು. ಹುಳುವಿಗೆ ಬೇಕಾದ ತೇವ ಒಂದು ಚೂರು ಕ್ಯಾರೆಟ್‌ನಿಂದಲೇ ಸಿಗುತ್ತದೆ. ಅದು ಕೊಳೆಯುವ ಮೊದಲು ಬದಲಿಸಿದರಾಯಿತು.

25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಹಿತ. ಸುಮಾರು ಎರಡೂವರೆ ಸೆಂ.ಮೀ. ಬೆಳೆದ ಹುಳು ಮೇವು ಬಿಟ್ಟು, ಬಿಳಿಯ ಕೋಶವಾಗಿ ಮಲಗುತ್ತದೆ. ಕೋಶಗಳನ್ನು ಆರಿಸಿ ಬೇರೆ ಡಬ್ಬಕ್ಕೆ ಹಾಕಬೇಕು. ಇಲ್ಲದಿದ್ದರೆ ಒಡಹುಟ್ಟಿದ ಹುಳುಗಳೇ ಅವನ್ನು ಕಡಿದು ತಿನ್ನುತ್ತವೆ! ಒಂದೆರಡು ವಾರಗಳಲ್ಲಿ ಹೊರಬರುವ ದುಂಬಿ ಮೊದಲು ಬಿಳಿ, ಆಮೇಲೆ ಕಂದು, ಕೊನೆಗೆ ಕಪ್ಪು. ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ.

ಹುಳು ಹೇರಳವಾಯಿತೆಂದು ಹಕ್ಕಿಗೆ ಬಟ್ಟಲು ತುಂಬ ಬಡಿಸುವಂತಿಲ್ಲ. ಇದರಲ್ಲಿ ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಕ್ಯಾಲ್ಸಿಯಂ ಸಾಲದೇ ಹೋದರೆ ಹೆಣ್ಣು ಹಕ್ಕಿಯ ಹೊಟ್ಟೆಯಲ್ಲೇ ಮೊಟ್ಟೆ ಸಿಕ್ಕಿಕೊಂಡು ಪ್ರಾಣಕ್ಕೆ ಸಂಚಕಾರ ಬರಬಹುದು. ಆದ್ದರಿಂದ ದಿನಕ್ಕೆ ಕೆಲವೇ ಹುಳು. ಅದೂ ಕ್ಯಾಲ್ಸಿಯಂ ಪುಡಿ ಹೊರಳಿಸಿ. ಜನ ‘ಲವ್ ಬರ್ಡ್ಸ್’ ಎನ್ನುವ ಬಜರಿಗಾರ್‌ಗಳಿಗಂತೂ ಕಾಳೇ ಮುಖ್ಯ, ಹುಳು ಅನಿವಾರ್ಯವಲ್ಲ. ಇನ್ನು ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಅಮ್ಮಂದಿರಿಗೊಂದು ಎಚ್ಚರಿಕೆ: ಈ ದುಂಬಿ ದಾಸ್ತಾನು ಧಾನ್ಯದ ಕೀಟವೂ ಹೌದು. ಡಬ್ಬ ಅಡುಗೆಮನೆಯಿಂದ ದೂರವಿರಲಿ. ಹೆಚ್ಚಾದ ಹುಳುಗಳನ್ನು ಹೊರಗೆ ಚೆಲ್ಲುವುದೂ ಬೇಡ.

ಮಕ್ಕಳು ಮೊಟ್ಟೆ, ಹುಳು, ಕೋಶ, ದುಂಬಿಗಳ ದಿನಾಂಕಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಪಠ್ಯಪುಸ್ತಕ ನಾಲ್ಕು ಚಿತ್ರಗಳಲ್ಲಿ ತೋರಿಸುವ ರೂಪಾಂತರ ಇಲ್ಲಿ ಕೆಲವೇ ತಿಂಗಳಲ್ಲಿ ಕಣ್ಣೆದುರೇ ನಡೆಯುತ್ತದೆ.