ಅಳಿಸುವ ಸಾಧನಕ್ಕೆ ಬೇಕಾದ ವಿವರಣೆ

ಎಐ ಏಜೆಂಟ್‌ಗೆ ಕಡತ ಅಳಿಸುವ ಸಾಧನವನ್ನು ಒಪ್ಪಿಸುವಾಗ, ಸಾಧನದ ಜೊತೆಗಿರುವ ವಿವರಣೆಯೇ ಏಜೆಂಟ್ ಓದುವ ಕೈಪಿಡಿ. ‘ದಾಖಲೆ ಅಳಿಸುತ್ತದೆ’ ಎಂದಷ್ಟೇ ಬರೆದರೆ ಸಾಲದು. ಅಳಿಯುವುದು ಒಂದು ಇನ್‌ವಾಯ್ಸೋ, ಗ್ರಾಹಕನ ಇಡೀ ಖಾತೆಯೋ, ಮರಳಿ ಪಡೆಯಬಹುದೇ, ಯಾರ ಒಪ್ಪಿಗೆ ಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿರಬೇಕು.

2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ಗೆ 2025ರ ಮಾರ್ಚ್‌ನಲ್ಲಿ ‘ಡಿಸ್ಟ್ರಕ್ಟಿವ್ ಹಿಂಟ್’ ಎಂಬ ಗುರುತು ಸೇರಿತು. ಬದಲಾವಣೆ ಮಾಡುವ ಸಾಧನಕ್ಕೆ ಗುರುತು ಹಚ್ಚದಿದ್ದರೆ ಅದನ್ನು ವಿನಾಶಕಾರಿಯೆಂದೇ ಎಣಿಸಬೇಕು. ವ್ಯಾಪಾರಿಗೆ ಒಪ್ಪುವ ಎಚ್ಚರಿಕೆಯಿದು. ಆದರೂ ಬರಹವೊಂದೇ ಏಜೆಂಟನ್ನು ತಡೆಯಲಾರದು. 2025ರ ಜುಲೈನಲ್ಲಿ ಅಮೆರಿಕದ ರೆಪ್ಲಿಟ್ ಸಂಸ್ಥೆಯ ಏಜೆಂಟ್, ಏನನ್ನೂ ಬದಲಿಸಬಾರದೆಂಬ ಸೂಚನೆಯಿದ್ದರೂ ಗ್ರಾಹಕರೊಬ್ಬರ ಚಾಲ್ತಿ ದತ್ತಾಂಶವನ್ನು ಅಳಿಸಿತು. ಮರಳಿ ದೊರೆಯದೆಂದೂ ಹೇಳಿತು, ದತ್ತಾಂಶವೇನೋ ದೊರೆಯಿತು. ಬಳಿಕ ಸಂಸ್ಥೆಯು ಪ್ರಯೋಗದ ದತ್ತಾಂಶವನ್ನು ಚಾಲ್ತಿಯದರಿಂದ ಬೇರ್ಪಡಿಸುವ ಕ್ರಮ ಕೈಗೊಂಡಿತು.